ಹುಬ್ಬಳ್ಳಿಯ ಹೋಟೆಲು, ಬೀಜಾಡಿಯ ರೌಟರು

“ಹ್ವಾಯ್ ಶಾಲಿನೀ, ನನ್ನ ಹೋಟ್ಲ್ ಕಾಂತಿಲ್ಲೆ ಮಾರಾಯ್ತಿ!”

ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಶೀನಣ್ಣ ನಮ್ಮ ಗೇಟಿನ ಹೊರಗೆ ನಿಂತು ಹೀಗೆ ಕೂಗಿದಾಗ ನಾನು ಹಲ್ಲುಜ್ಜುತ್ತಿದ್ದೆ. ಕಾಣದೇ ಹೋಗುವುದಕ್ಕೆ ಹೋಟೆಲ್ ಏನು ಕೋಳಿಯೇ? ಅದೂ ಶೀನಣ್ಣನ ಹೋಟೆಲು ಇರುವುದು ಹುಬ್ಬಳ್ಳಿಯಲ್ಲಿ. ನಾವಿಬ್ಬರೂ ನಿಂತಿದ್ದದ್ದು ಘಟ್ಟದ ಕೆಳಗಿನ ಬೀಜಾಡಿಯಲ್ಲಿ.

ಆದರೆ ಕಾರಣ ನನಗೆ ತಕ್ಷಣ ಹೊಳೆಯಿತು. ಹಿಂದಿನ ಸಂಜೆಯಷ್ಟೇ ನಾನು ಹೊಸ ರೌಟರ್ ಹಾಕಿದ್ದೆ. ಇಂಟರ್ನೆಟ್ ಕಂಪನಿ ಕೊಟ್ಟದ್ದಲ್ಲ, ನಾನೇ ಆರಿಸಿ ತಂದ ಸ್ವಂತ ರೌಟರ್. ಹೊಸ ಹೆಸರು, ಹೊಸ ಪಾಸ್‌ವರ್ಡ್.

ಕಂಪನಿಯವರು ಪುಕ್ಕಟೆ ಕೊಟ್ಟ ಡಬ್ಬಿ ಇರುವಾಗ ಸ್ವಂತದ್ದು ಯಾಕೆ ಅಂತೀರಾ? ನಾನು ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಪಾಠದ ನಡುವೆ ನೆಟ್ ನಿಂತಾಗ ನನ್ನ ಮುಖವೂ ಪರದೆಯ ಮೇಲೆ ನಿಲ್ಲುತ್ತಿತ್ತು, ಬಾಯಿ ತೆರೆದ ಹಾಗೇ. ಮಕ್ಕಳು ಆ ಮುಖವನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟಿಕರ್ ಮಾಡಿ ಹಂಚಿಕೊಂಡರು. (ನನಗೂ ಒಂದು ಬಂತು. ಚೆನ್ನಾಗಿಯೇ ಇತ್ತು.)

ನಮ್ಮ ಊರಿನ ನೆಟ್ ರಿಪೇರಿಗೆ ಬರುವುದು ಸುಧಾಕರ. ವರ್ಷ ಐವತ್ತರ ಹತ್ತಿರ. ಎಲ್ಲ ಕಾಯಿಲೆಗೂ ಅವನ ಹತ್ತಿರ ಒಂದೇ ಮದ್ದು: “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ.” ಅದನ್ನೂ ಸಹಿಸಿಕೊಂಡೆ. ಆದರೆ ಒಂದು ದಿನ ನೋಡಿದರೆ ನಾನು ವೈಫೈಗೆ ಇಟ್ಟ ಹೆಸರು ಮಾಯ! ಕಂಪನಿಯ ಹೆಸರು ಬಂದು ಕೂತಿದೆ. ಪಾಸ್‌ವರ್ಡೂ ಬದಲಾಗಿದೆ.

“ಅದ್ ಆಫೀಸಿಂದ್ಲೇ ಅಪ್ಡೇಟ್ ಮಾಡ್ತ್ರ್ ಮೇಡಂ. ನಮ್ ಕೈಯಂಗೆ ಎಂತ ಇಲ್ಲೆ,” ಅಂದ ಸುಧಾಕರ.

ನನ್ನ ಮನೆ, ನನ್ನ ಗೋಡೆ, ನನ್ನ ಕರೆಂಟು. ಎಲ್ಲೋ ಎಸಿಯಲ್ಲಿ ಕೂತ ಪುಣ್ಯಾತ್ಮ ಅಲ್ಲಿಂದಲೇ ಕೈ ಹಾಕಿ ನನ್ನ ಡಬ್ಬಿಯನ್ನು ತಿರುವುತ್ತಾನೆ ಎಂದರೆ? ಮೈಯೆಲ್ಲ ಉರಿಯಿತು. ಸ್ವಂತ ರೌಟರ್ ಹಾಕುತ್ತೇನೆ ಎಂದೆ. “ಅದ್ ಆತಿಲ್ಲೆ. ನಮ್ ಲೈನಿಗೆ ನಮ್ದೇ ಬಾಕ್ಸ್ ಆಯ್ಕ್,” ಎಂದ. ನಾನು ಬಿಡಲಿಲ್ಲ. ಆಗ ಅವನು ಒಳಗೆ ಇಣುಕಿ, “ಯಜಮಾನ್ರ್ ಇಲ್ಯಾ?” ಎಂದು ಕೇಳಿದ. (ನಮ್ಮ ಯಜಮಾನರಿಗೆ ರೌಟರ್ ಎಂದರೆ ಗೋಡೆಯಲ್ಲಿ ಮಿಣುಕುವ ಒಂದು ವಸ್ತು. ಅದು ಆರಿದರೆ ಹೆಂಡತಿಯನ್ನು ಕರೆಯಬೇಕು ಎನ್ನುವುದಷ್ಟೇ ಅವರಿಗೆ ಗೊತ್ತು.)

ಎರಡು ವಾರ ಫೋನಿನಲ್ಲಿ ಜಗಳವಾಡಿದ ಮೇಲೆ, ನನ್ನ ರೌಟರಿಗೆ ಹಾಕಬೇಕಾದ ಐಡಿ ಮತ್ತು ಪಾಸ್‌ವರ್ಡ್ ಸಿಕ್ಕಿತು. ಐಡಿ ನನ್ನದೇ ಫೋನ್ ನಂಬರು. ಪಾಸ್‌ವರ್ಡು ಒಂದರಿಂದ ಆರು. ಇಷ್ಟನ್ನೇ ಅವರು ದೇಶದ ರಹಸ್ಯದ ಹಾಗೆ ಕಾದಿಟ್ಟಿದ್ದರು! ಇರಲಿ. ಈಗ ಕಂಪನಿಯ ಡಬ್ಬಿಗೆ ಫೈಬರಿನಲ್ಲಿ ಬಂದದ್ದನ್ನು ನನ್ನ ರೌಟರಿಗೆ ದಾಟಿಸುವ ಕೆಲಸ ಮಾತ್ರ. ವೈಫೈ ಪೂರ್ತಿ ನನ್ನದು. ಆ ಸಂಜೆ ನಾನು ಎರಡು ಲೋಟ ಚಹಾ ಕುಡಿದೆ, ಬರೀ ಖುಷಿಗೆ.

ಶೀನಣ್ಣನ ನೆನಪಾಗಲಿಲ್ಲ. ತಪ್ಪಾದದ್ದು ಅಲ್ಲಿಯೇ.

ನಮ್ಮಲ್ಲಿ ಪಕ್ಕದ ಮನೆಗೆ ಬಾವಿಯ ನೀರು, ಏಣಿ, ಕಾಯಿ ಕೀಳುವ ದೋಟಿ ಇವೆಲ್ಲ ಕೇಳದೆಯೂ ಸಿಗುತ್ತವೆ. ಎರಡು ಮಳೆಗಾಲದ ಹಿಂದೆ ತೆಂಗಿನ ಮಡಲು ಬಿದ್ದು ಶೀನಣ್ಣನ ಮನೆಯ ಫೈಬರ್ ತುಂಡಾದಾಗ “ಒಂದು ದಿನದ ಮಟ್ಟಿಗೆ” ಎಂದು ನಮ್ಮ ಪಾಸ್‌ವರ್ಡ್ ಕೊಟ್ಟಿದ್ದೆ. ಆ ಒಂದು ದಿನ ಇನ್ನೂ ಮುಗಿದಿಲ್ಲ. “ಎರಡ್ ಮನಿಗೆ ಎರಡ್ ನೆಟ್ ಎಂತಕೆ?” ಎಂದು ಅವರು ತಮ್ಮ ಕನೆಕ್ಷನ್ನನ್ನೇ ತೆಗೆಸಿಬಿಟ್ಟರು.

ಶೀನಣ್ಣ ಹುಬ್ಬಳ್ಳಿಯಲ್ಲಿ ಮೂವತ್ತೈದು ವರ್ಷ ಹೋಟೆಲು ನಡೆಸಿದವರು. ಮಂಡಿ ಆಪರೇಷನ್ ಆದ ಮೇಲೆ ಮಗ ಪ್ರವೀಣನಿಗೆ ಬಿಟ್ಟುಕೊಟ್ಟು ಊರಿಗೆ ಬಂದರು. ಬಿಟ್ಟುಕೊಡುವ ಮೊದಲು ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಿದರು. ಒಂದು ದುಡ್ಡಿನ ಗಲ್ಲೆಗೆ, ಒಂದು ಹಾಲ್‌ಗೆ, ಒಂದು ಅಡುಗೆಮನೆಗೆ, ಇನ್ನೊಂದು ನೇರವಾಗಿ ದೋಸೆ ಕಾವಲಿಗೆ. ಬೆಳಿಗ್ಗೆ ಐದೂವರೆಗೇ ಬೀಜಾಡಿಯ ಜಗಲಿಯಲ್ಲಿ ಕುರ್ಚಿ ಹಾಕಿ ಫೋನು ಹಿಡಿದು ಕೂತರೆ, ಹುಬ್ಬಳ್ಳಿಯಲ್ಲಿ ದೋಸೆ ಸ್ವಲ್ಪ ಕೆಂಪಾದರೂ ಅಲ್ಲಿ ಫೋನು ರಿಂಗಾಗುತ್ತಿತ್ತು. ಇದಕ್ಕೆ ನಾವು ನಿವೃತ್ತಿ ಎನ್ನುತ್ತೇವೆ.

ಪಾಸ್‌ವರ್ಡ್ ಬರೆದುಕೊಡಲು ಚೀಟಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಪ್ರವೀಣನದೇ ಫೋನು.

“ಅಕ್ಕ, ಅಪ್ಪಯ್ಯ ಬೆಳಿಗ್ಗಿಂದ ಒಂದ್ ಫೋನೂ ಮಾಡ್ಲಿಲ್ಲೆ. ಹುಷಾರಿದ್ರಾ?”

ಹೊಸ ರೌಟರಿನ ವಿಷಯ ಹೇಳಿದೆ.

“ಅಕ್ಕ, ನಿಮ್ ಕಾಲ್ ಹಿಡ್ಕಂತೆ. ಪಾಸ್‌ವರ್ಡ್ ಕೊಡ್ಬೇಡಿ.”

ಆಮೇಲೆ ಎಲ್ಲ ಹೇಳಿಕೊಂಡ. ಅಪ್ಪನ ಬೈಗುಳ ತಾಳಲಾರದೆ ಇಬ್ಬರು ದೋಸೆ ಹಾಕುವವರು ಆಗಲೇ ಬಿಟ್ಟುಹೋಗಿದ್ದರಂತೆ. ಈಗಿರುವುದು ಕೊಕ್ಕರ್ಣೆಯ ರಾಜು. ಅವನ ದೋಸೆಗೆಂದೇ ಜನ ಬರುವುದು. ಅವನೂ ನಿನ್ನೆ, “ಬೆನ್ನ್ ಮೇಲೆ ಯಾರೋ ಕೂಕಂಡಂಗ್ ಆತ್ತ್. ಈ ತಿಂಗಳ್ ಮುಗ್ದ್ರೆ ನಾ ಊರಿಗ್ ಹೋತೆ,” ಎಂದಿದ್ದಾನೆ. ರಾಜು ಹೋದರೆ ಬಾಗಿಲು ಹಾಕುವುದೇ. “ಈ ಹೋಟ್ಲ್ ನಂದಾ, ಅಪ್ಪಯ್ಯಂದಾ, ನಂಗೇ ಗೊತ್ತಿಲ್ಲೆ ಅಕ್ಕ,” ಎಂದ. ನನಗೆ ನಿಜಕ್ಕೂ ಪಾಪ ಅನಿಸಿತು.

ಹೊರಗೆ ಬಂದು ಶೀನಣ್ಣನಿಗೆ ಹೇಳಿದೆ: “ಹೊಸ ರೌಟರ್ ಅಲ್ದಾ ಶೀನಣ್ಣ, ಇನ್ನೂ ಸಮಾ ಸೆಟ್ ಆಯ್ಲಿಲ್ಲೆ. ನಾಳೆ ಕಾಂಬ.” ಎಷ್ಟು ಸಲೀಸಾಗಿ ಬಂತು ಅಂತೀರಿ! ಸುಧಾಕರನೇ ಒಳಗೆ ಕೂತು ಮಾತಾಡಿಸಿದ ಹಾಗೆ.

ಮೂರು ದಿನ ಶೀನಣ್ಣ ಮೊಬೈಲ್ ಡೇಟಾ ಹಾಕಿ ನೋಡಿದರು. ಹುಬ್ಬಳ್ಳಿಯಲ್ಲಿ ಮೊದಲ ಪಂಕ್ತಿಯ ತಿಂಡಿ ಮುಗಿಯುವುದರೊಳಗೆ ದಿನದ ಡೇಟಾ ಮುಗಿಯುತ್ತಿತ್ತು, ಕೊನೆಗೆ ಬೇಸತ್ತು ಅದನ್ನೂ ಬಿಟ್ಟರು. ನಾಲ್ಕನೇ ದಿನ ಅವರ ಹೆಂಡತಿ ಜಲಜಕ್ಕ ನಮ್ಮ ಹಿಂಬಾಗಿಲಿಗೆ ಬಂದರು.

“ಇಷ್ಟ್ ದಿನ ಹುಬ್ಬಳ್ಳಿ ಕಾಂತಿದ್ರ್. ಈಗ ನನ್ನ ಒಲೆ ಬುಡದಂಗೆ ಕುರ್ಚಿ ಹಾಯ್ಕಂಡ್ ಕೂಕಂತ್ರ್. ನಿನ್ನೆ ಚಟ್ನಿಗೆ ಕಾಯಿ ಜಾಸ್ತಿ ಆಯ್ತ್ ಅಂದ್ರ್. ನಂಗೆ! ನಲ್ವತ್ ವರ್ಷದಿಂದ ಚಟ್ನಿ ಅರೀತಿದ್ದವ್ಳಿಗೆ! ಆ ಪಾಸ್‌ವರ್ಡ್ ಒಂದ್ ಕೊಟ್ಬಿಡ್ ಮಾರಾಯ್ತಿ.”

ಅಪ್ಪನಿಗೆ ಬೇಕು, ಅಮ್ಮನಿಗೆ ಬೇಕು, ಮಗನಿಗೆ ಬೇಡ. ತೀರ್ಮಾನ ನನ್ನದು! ಸುಳ್ಳು ಹೇಳುವುದಿಲ್ಲ, ಒಳಗೊಳಗೆ ಹಿತವಾಗಿಯೇ ಇತ್ತು. ಒಂದು ಡಬ್ಬಿ ಕೈಗೆ ಬಂದ ಕೂಡಲೇ ಮನುಷ್ಯನಿಗೆ ಆಫೀಸರ್ ಆಗುವುದಕ್ಕೆ ಎಷ್ಟು ದಿನ ಬೇಕು? ನನಗೆ ನಾಲ್ಕು ದಿನ ಸಾಕಾಯಿತು.

ನನ್ನ ರೌಟರಿನ ಜೊತೆ ಒಂದು ಆಪ್ ಬಂದಿತ್ತು. ಯಾರ ಫೋನಿಗೆ ಯಾವ ಹೊತ್ತಿನಲ್ಲಿ ನೆಟ್ ಸಿಗಬೇಕು ಎನ್ನುವುದನ್ನು ಅದರಲ್ಲಿ ನಾವೇ ಗೊತ್ತು ಮಾಡಬಹುದು. ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಮಾಡಿದ್ದು. ಎಪ್ಪತ್ತು ದಾಟಿದ ಅಪ್ಪಂದಿರಿಗೆ ಬಳಸಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಶೀನಣ್ಣನಿಗೆ ಪಾಸ್‌ವರ್ಡ್ ಕೊಟ್ಟೆ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ ಸಿಗುವ ಹಾಗೆ ಮಾಡಿಟ್ಟೆ. ಆ ಹೊತ್ತಿನಲ್ಲಿ ಊಟದ ಗಿರಾಕಿಗಳು ಹೋಗಿರುತ್ತಾರೆ, ರಾಜು ಮಲಗಿರುತ್ತಾನೆ, ಕಾವಲಿ ತಣ್ಣಗಿರುತ್ತದೆ. ಬೈಯುವುದಾದರೂ ಯಾರಿಗೆ? “ನೆಟ್ ಆ ಹೊತ್ತಿಗೇ ಬಪ್ದ್, ಎಂತ ಮಾಡುಕೂ ಆತಿಲ್ಲೆ,” ಎಂದೆ ಶೀನಣ್ಣನಿಗೆ. ಪ್ರವೀಣ ಫೋನಿನಲ್ಲಿ, “ಅಕ್ಕ, ನೀವ್ ದೇವ್ರ್,” ಎಂದ. ನಾನೂ ಬೇಡ ಎನ್ನಲಿಲ್ಲ.

ಪಾಸ್‌ವರ್ಡ್ ಕೊಟ್ಟ ಐದನೇ ದಿನ ಶೀನಣ್ಣ ಬಂದು ನಮ್ಮ ಜಗಲಿಯಲ್ಲಿ ಕುಸಿದು ಕೂತರು.

“ಹೋಟ್ಲ್ ಮುಳ್ಗಿತ್ ಶಾಲಿನೀ. ನಾಕ್ ದಿನ ಆಯ್ತ್, ಒಂದ್ ಗಿರಾಕಿ ಇಲ್ಲೆ. ಟೇಬ್ಲ್ ಮೇಲೆ ಕುರ್ಚಿ ಕವ್ಚಿ ಇಟ್ಟಿದ್ರ್. ನಾನ್ ಇದ್ದಾಗ ಮೂರ್ ಗಂಟಿಗೂ ಚಾಯಕ್ಕೆ ಜನ ಇರ್ತಿದ್ರ್. ಮಗ ನಂಗೆ ಹೇಳುಕ್ ಹೆದ್ರಿಕಂಡಿದ್ದ.”

ಅವರ ಕಣ್ಣಿನಲ್ಲಿ ನೀರಿತ್ತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನಿಸಿತು. ನಿಜ ಹೇಳಬೇಕಿತ್ತು. ಹೇಳಲಿಲ್ಲ. “ಒಂದ್ಸಲ ಫೋನ್ ಮಾಡಿ ಕೇಣಿ ಶೀನಣ್ಣ,” ಎಂದಷ್ಟೇ ತೊದಲಿದೆ. ಫೋನಿನಲ್ಲಿ ಮಕ್ಕಳು ನಿಜ ಹೇಳುವುದಿಲ್ಲ ಎಂದು ಅವರು ಮರುದಿನ ಬೆಳಿಗ್ಗೆ ಮಂಡಿಗೆ ಬೆಲ್ಟ್ ಸುತ್ತಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದರು.

ಸಂಜೆ ಪ್ರವೀಣನ ಫೋನು. “ಎಂತ ಮಾಡಿಬಿಟ್ರಿ ಅಕ್ಕ? ಫೋನೊಳ್ಗಿದ್ದ ಅಪ್ಪಯ್ಯ ಈಗ ಗಲ್ಲೆ ಮೇಲೇ ಕೂಕಂಡಿದ್ರ್!” ತುಂಬಿದ ಹಾಲ್ ನೋಡಿ ಶೀನಣ್ಣನಿಗೆ ಆನಂದವಾಗಿ, ಬಂದದ್ದು ಬಂದೆ, ಒಂದು ತಿಂಗಳು ಇದ್ದೇ ಹೋಗುತ್ತೇನೆ ಎಂದರಂತೆ. ರಾಜು ತಿಂಗಳು ಮುಗಿಯುವುದನ್ನೂ ಕಾಯದೆ ಚೀಲ ಕಟ್ಟಿದ್ದಾನೆ.

ನನಗೆ ಆ ದಿನ ಊಟ ಸೇರಲಿಲ್ಲ. ಜಲಜಕ್ಕನ ಹತ್ತಿರ ಹೋಗಿ ಮೊದಲಿನಿಂದ ಕೊನೆಯವರೆಗೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಂದೇ ಒಂದು ಪ್ರಶ್ನೆ ಕೇಳಿದರು.

“ಆ ಹೋಟ್ಲ್ ಕಾಂಬು ಆಪ್ ನನ್ನ ಫೋನಿಗೂ ಹಾಕುಕ್ ಆತ್ತಾ? ಅವ್ರಿಗೆ ಶುಗರ್ ಇತ್ತಲೆ. ಡಾಕ್ಟ್ರ್ ಸೀ ಮುಟ್ಬೇಡಿ ಅಂದಿದ್ರ್.”

ಹಾಕಿಕೊಟ್ಟೆ. ಹೊತ್ತುಗೊತ್ತಿನ ಕಟ್ಟುಪಾಡಿಲ್ಲದೆ.

ಮರುದಿನ ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಜಲಜಕ್ಕ. ಪಕ್ಕದಲ್ಲಿ ನಾನು. ಫೋನಿನ ಪರದೆಯಲ್ಲಿ ಗಲ್ಲೆಯ ಮೇಲೆ ಒಂದು ಪ್ಲೇಟು, ಪ್ಲೇಟಿನ ಮೇಲೆ ಶೀನಣ್ಣನ ಕೈ. ಜಲಜಕ್ಕ ನನ್ನ ಫೋನು ತೆಗೆದುಕೊಂಡು ರಿಂಗ್ ಮಾಡಿದರು.

“ಹ್ವಾಯ್, ಅದ್ ಎರಡ್ನೇ ಬನ್ಸ್ ಅಲ್ದಾ? ಕೆಳ್ಗ್ ಇಡಿ.”

ಪರದೆಯಲ್ಲಿ ಆ ಕೈ ಗಾಳಿಯಲ್ಲೇ ನಿಂತಿತು. ಶೀನಣ್ಣ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ನಿಧಾನಕ್ಕೆ ಮೇಲೆ ನೋಡಿದರು. ಹನ್ನೊಂದಕ್ಕೆ ಚಹಾದ ಸಕ್ಕರೆಯ ವಿಚಾರಣೆ ಆಯಿತು. ಮಧ್ಯಾಹ್ನ ಮಾತ್ರೆ. ಸಂಜೆ, ಪಾಯಸದ ಪಾತ್ರೆಯ ಹತ್ತಿರ ನಿಮಗೇನು ಕೆಲಸ ಎಂಬ ಪ್ರಶ್ನೆ. ಎರಡು ದಿನ ಇದೇ ನಡೆಯಿತು.

ಮೂರನೇ ದಿನ ಜಲಜಕ್ಕನ ಫೋನಿನಲ್ಲಿ ನಾಲ್ಕು ಚೌಕಗಳೂ ಕಪ್ಪು. ನನ್ನ ರೌಟರ್ ನೋಡಿದೆ, ಸರಿಯಾಗಿಯೇ ಮಿಣುಕುತ್ತಿತ್ತು. ಪ್ರವೀಣನಿಗೆ ಫೋನ್ ಮಾಡಿದೆ. ಹಿಂದಿನಿಂದ ದೋಸೆ ಹೊಯ್ಯುವ ಚುಂಯ್ ಸದ್ದು ಕೇಳುತ್ತಿತ್ತು. ರಾಜು ಚೀಲ ಬಿಚ್ಚಿದ್ದಾನೆ ಎಂದ. ಕ್ಯಾಮೆರಾ ನಾಲ್ಕೂ ತೆಗೆಸಿಯಾಯಿತು ಎಂದ.

“ಅಪ್ಪಯ್ಯಂಗೆ ಗೊತ್ತಾರೆ ಎಂತ ಹೇಳ್ತ್ರೋ?” ಎಂದೆ ಗಾಬರಿಯಿಂದ.

ಪ್ರವೀಣ ನಕ್ಕುಬಿಟ್ಟ. ತೆಗೆಸಿದ್ದು ಅಪ್ಪಯ್ಯನೇ ಅಂತೆ. ಸ್ಟೂಲಿನ ಕೆಳಗೆ ನಿಂತು, ವೈರು ಕೀಳುವವನಿಗೆ ಬೇಗ ಬೇಗ ಎಂದು ಅವಸರ ಮಾಡುತ್ತಾ, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದರಂತೆ:

“ಮನ್ಶ ಅಂದ್ಮೇಲೆ ಅವ್ನ ಪಾಡಿಗ್ ಅವ್ನನ್ನ ಬಿಡ್ಕಾ, ಬ್ಯಾಡ್ದಾ?”