ಹಸೀನಾಬಿಯ ಮೂಳೆ ಕೂಡಿದ್ದು

"ಕೂಡ್ರಿ" ಎಂದರು ಮನೆಯೊಡತಿ ಖೈರುನ್ನೀಸಾ. ಯಾರ ಜೊತೆ ಕೂಡಬೇಕೆಂದು ತಿಳಿಯದೆ ನಾನು ಪೆಟ್ಟಿಗೆ ಹಿಡಿದು ನಿಂತೇ ಇದ್ದೆ. ಕುಂದಾಪುರದಲ್ಲಿ ನಾವು ಕೂಡುವುದು ಲೆಕ್ಕವನ್ನು. ಇಲ್ಲಿ ಕೂಡುವುದೆಂದರೆ ಕುಳಿತುಕೊಳ್ಳುವುದು.

ಎಂಬತ್ತರ ದಶಕದ ನಡುವೆ, ಹರಿಹರದ ಒಂದು ಖಾಸಗಿ ಮೂಳೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಕೆಲಸ ಸಿಕ್ಕಿ ಬಂದಿದ್ದೆ. ಅಲ್ಲಿ ಒಂಟಿ ಹೆಂಗಸಿಗೆ ಯಾರೂ ಮನೆ ಕೊಡಲಿಲ್ಲ. ಖೈರುನ್ನೀಸಾ ಕೊಟ್ಟರು, ದಾವಣಗೆರೆಯ ಮಂಡಿಪೇಟೆಯಲ್ಲಿ, ಮೆಣಸಿನಕಾಯಿ ಅಂಗಡಿಯ ಮೇಲಿನ ಕೋಣೆ. ನಮ್ಮೂರಿನ ಗಾಳಿಯಲ್ಲಿ ಉಪ್ಪಿತ್ತು, ಇಲ್ಲಿ ಖಾರ. ಮೊದಲ ವಾರವಿಡೀ ಸೀನಿದೆ. ಊಟಕ್ಕೆ ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ನಕ್ಕ: "ಅದನ್ನ ಮಂಡಕ್ಕಿಗೆ ಹುರೀತಾರ್ರಿ, ಉಣ್ಣಾಕಲ್ಲ."

ಹಾಗೆ ಹುರಿಯುವವರಲ್ಲಿ ಖೈರುನ್ನೀಸಾರ ತಂಗಿ ಹಸೀನಾಬಿಯೂ ಒಬ್ಬರು. ಮಂಡಕ್ಕಿ ಭಟ್ಟಿಯಲ್ಲಿ ಜಾರಿಬಿದ್ದು ಅವರ ಬಲಗೈ ಮುರಿದಿತ್ತು. ನಮ್ಮ ಡಾಕ್ಟರು ಮೂಳೆಗೆ ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದ್ದರು. ತಿಂಗಳುಗಳು ಕಳೆದರೂ ಎಕ್ಸ್‌ರೇಯಲ್ಲಿ ಬಿರುಕು ಹಾಗೇ ಕಾಣುತ್ತಿತ್ತು. ಇನ್ನೂ ಕೂಡದಿದ್ದರೆ ಸೊಂಟದ ಮೂಳೆ ಕೆತ್ತಿ ಅಲ್ಲಿಡುವ ಮತ್ತೊಂದು ಆಪರೇಷನ್ ಆಗಬೇಕಿತ್ತು. ಅಷ್ಟರಲ್ಲಿ ಡಾಕ್ಟರು ಬೊಂಬಾಯಿಯಿಂದ ಲೇಸರ್ ಯಂತ್ರ ತರಿಸಿದರು. ಪೆನ್ನಿನಂಥ ಕೊಳವೆಯ ತುದಿಯಲ್ಲಿ ಬಿಸಿಯೇ ಇಲ್ಲದ ಕೆಂಪು ಬೆಳಕು. ಅದರಿಂದ ಪಟ್ಟಿಯ ಸುತ್ತ ಮೂಳೆ ಬೇಗ ಬೆಳೆಯುತ್ತದೆಂದು ಅವರ ನಂಬಿಕೆ. ಬೆಳಕು ಹಿಡಿಯುವ ಕೆಲಸ ನನ್ನದು.

ಹಸೀನಾಬಿ ಕೈ ಮುಂದೆ ಚಾಚಲಿಲ್ಲ.

"ಖರೆ ಹೇಳ್ರಿ ಅಕ್ಕಾರ, ಇದರಿಂದ ಕೂಡತೈತಾ?"

ಪಕ್ಕದ ಕೋಣೆಯಲ್ಲಿ ಡಾಕ್ಟರಿದ್ದರು. ಆದರೂ ಹೇಳಿದೆ: "ಗೊತ್ತಿಲ್ಲ. ಕೆಲವರಿಗೆ ಗುಣವಾಗಿದೆ ಅಂತ ಓದಿದ್ದೇನೆ. ಸುಡೋದಿಲ್ಲ, ಅಷ್ಟು ಮಾತ್ರ ಗೊತ್ತು."

ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲರೂ ಆಗತೈತಿ, ಆಗತೈತಿ ಅಂದೋರೇ. ಗೊತ್ತಿಲ್ಲ ಅಂದೋರು ನೀವೊಬ್ರೇ. ಹಿಡೀರಿ."

ಆಮೇಲೆ ನಾವಿಬ್ಬರೂ ದಾವಣಗೆರೆಯಿಂದ ಒಂದೇ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿಬರತೊಡಗಿದೆವು. ಅವರು ನನಗೆ ರೊಟ್ಟಿ ತಟ್ಟುವುದನ್ನು ಬಾಯಲ್ಲೇ ಹೇಳಿಕೊಟ್ಟರು, ಕೈ ಆಡಿಸುವಂತಿರಲಿಲ್ಲವಲ್ಲ. ನನ್ನ ಮೊದಲ ರೊಟ್ಟಿ ನೋಡಿ, "ಇದು ಯಾವ ದೇಶದ ನಕಾಶೆರೀ?" ಎಂದರು. ಈ ಊರಿಗೆ ಬಂದ ಮೇಲೆ ನಾನು ಜೋರಾಗಿ ನಕ್ಕಿದ್ದು ಅಂದೇ.

ಬೇಸಿಗೆ ಮುಗಿಯುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಉಕ್ಕಿನ ಪಟ್ಟಿಯ ಮಗ್ಗುಲಿಗೆ ತೆಳ್ಳಗೆ ಮಂಜು ಹಿಡಿದಂತೆ ಕಂಡಿತು. ಹೊಸ ಮೂಳೆ. ಹಸೀನಾಬಿ ಫಿಲ್ಮನ್ನು ಕಿಟಕಿಗೆ ಹಿಡಿದು ಅತ್ತರು. ಡಾಕ್ಟರು ಯಂತ್ರದ ಬೆನ್ನು ತಟ್ಟಿದರು. ನನಗೆ ಅಷ್ಟು ಖಾತ್ರಿಯಾಗಲಿಲ್ಲ. ಅದೇ ಬೆಳಕು ಹಿಡಿಸಿಕೊಂಡ ಗುತ್ತೂರಿನ ಕಾರ್ಖಾನೆ ಕೆಲಸಗಾರ ಬಸಪ್ಪನವರ ಕಾಲಿನ ಮೂಳೆ ಕೂಡಲೇ ಇಲ್ಲ, ಅವರಿಗೆ ಇನ್ನೊಂದು ಆಪರೇಷನ್ ಮಾಡಬೇಕಾಯಿತು. ಹಸೀನಾಬಿಯದು ಬೆಳಕಿನಿಂದ ಕೂಡಿತೋ, ದಿನ ಕಳೆದದ್ದಕ್ಕೆ ಕೂಡಿತೋ, ಇಂದಿಗೂ ಹೇಳಲಾರೆ. ಅವರು ಭಟ್ಟಿಗೆ ಮರಳಿದ್ದು ಮಾತ್ರ ನಿಜ.

ಆ ಮಳೆಗಾಲ ರಜೆಗೆ ಕುಂದಾಪುರಕ್ಕೆ ಹೋದೆ. ಅಮ್ಮ ಮೀನು ಬಡಿಸುತ್ತಾ ಎಷ್ಟು ದಿನ ಇರುತ್ತೀ ಎಂದು ಕೇಳಿದಳು. "ಸೋಮವಾರ ಊರಿಗೆ ಹೋಗಬೇಕು" ಎಂದುಬಿಟ್ಟೆ.

ಅಮ್ಮನ ಸೌಟು ನಿಂತಿತು. "ಹಂಗಾರೆ ಇದ್ ಯಾರ್ ಊರ್?"

ಸೋಮವಾರ ಮಂಡಿಪೇಟೆಯ ಮೆಟ್ಟಿಲು ಹತ್ತುತ್ತಿದ್ದಾಗ ಖೈರುನ್ನೀಸಾ ಕೂಗಿದರು: "ಊರಿಂದ ಈಗ ಬಂದ್ರೇನು?"

ಹೌದೆಂದೆ.