ಗೌರಕ್ಕನ ಕಣ್ಣಿನ ಫೋಟೋ

ದುಮ್ಮವಾಡದ ಗೌರಕ್ಕ ಮಬ್ಬುಗತ್ತಲಾದ ಮೇಲೆ ಹೊಸ್ತಿಲು ದಾಟುತ್ತಿರಲಿಲ್ಲ. ಯಾರಾದರೂ ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಅವಳ ಅಣ್ಣ ಮೊದಲು ಇರುಳಲ್ಲಿ, ಆಮೇಲೆ ಹಗಲಲ್ಲೂ ಕಣ್ಣು ಕಾಣದೆ ಕೊರಗಿ ಸತ್ತಿದ್ದ. ತನಗೂ ಅದೇ ಬಂದಿದೆ ಎಂದು ಊರಿಗೆ ಗೊತ್ತಾದರೆ ಮಗಳು ಅನ್ನವ್ವನನ್ನು ಯಾರು ಮಾಡಿಕೊಂಡಾರು?

೧೯೮೬ರಲ್ಲಿ ಕಲಘಟಗಿಯ ಕಣ್ಣಿನ ಶಿಬಿರಕ್ಕೆ ಬಂದ ಡಾಕ್ಟರಮ್ಮ, ಕನ್ನಡಕಕ್ಕೆಂದು ಹೋಗಿದ್ದ ಗೌರಕ್ಕನ ಕಣ್ಣು ನೋಡಿ, ತಾಯಿ ಮಗಳಿಬ್ಬರನ್ನೂ ಹುಬ್ಬಳ್ಳಿಗೆ ಕರೆಸಿದರು. ಅಲ್ಲಿ ಕಣ್ಣಿನ ಒಳಪರದೆಯ ಫೋಟೋ ತೆಗೆಯುವ ಕ್ಯಾಮೆರಾ ಇತ್ತು. ಮನೆತನದಲ್ಲಿ ಯಾರು ಯಾರನ್ನು ಮದುವೆಯಾದರು ಎಂದು ಅವರು ಬರೆದುಕೊಳ್ಳತೊಡಗಿದ್ದೇ ತಡ, ಗೌರಕ್ಕನಿಗೆ ಸಂಶಯ ಬಂತು.

"ಕಣ್ಣ ನೋಡಾಕ ನಮ್ಮ ಬೀಗರ ಹೆಸರ ಯಾಕ ಬೇಕ್ರಿ? ಈ ಫೋಟೋ ಯಾರ್‍ಯಾರಿಗೆ ತೋರಸಾವ್ರು?"

"ಯಾರಿಗೂ ಇಲ್ಲರಿ. ಇದು ರಕ್ತದಾಗ ಇಳದು ಬರೂ ಬ್ಯಾನಿ."

"ಹಂಗಾದ್ರ ಮೊದಲ ನಿಮ್ಮ ಕಣ್ಣಿನ ಫೋಟೋ ತಗೀರಿ!"

ಡಾಕ್ಟರಮ್ಮ ತಾವೇ ಕ್ಯಾಮೆರಾ ಮುಂದೆ ಗದ್ದವೂರಿ ಕುಳಿತರು.

ವಾರದ ನಂತರ ಫೋಟೋ ನೋಡಿದರೆ, ಡಾಕ್ಟರಮ್ಮನದು ನುಣ್ಣಗೆ ಕಿತ್ತಳೆ ಬಣ್ಣಕ್ಕಿತ್ತು. ಗೌರಕ್ಕನದರ ಅಂಚಿನ ತುಂಬ ಮಸಿ ಸಿಡಿಸಿದಂತೆ ಕಪ್ಪು ಚುಕ್ಕೆ. ಇದಕ್ಕೆ ಔಷಧವಿಲ್ಲ ಎಂದರು ಡಾಕ್ಟರಮ್ಮ. ಅನ್ನವ್ವನ ಕಣ್ಣು ಚೊಕ್ಕವಾಗಿದ್ದರೂ ರೋಗದ ಬೀಜ ಅವಳಲ್ಲೂ ಇದೆ. ಅದೇ ಬೀಜವಿರುವವನನ್ನು ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಅಪಾಯ.

ಅನ್ನವ್ವನನ್ನು ಗೌರಕ್ಕ ತನ್ನ ತಮ್ಮ ಮಡಿವಾಳೆಪ್ಪನ ಮಗ ಶಂಭುಲಿಂಗನಿಗೆ ಕೊಡುವ ಮಾತಾಗಿತ್ತು. ಬಸ್ಸಿನಲ್ಲಿ ಮರಳುವಾಗ ಅವಳಿಗೆ ಒಂದೊಂದೇ ನೆನಪಾಯಿತು. ಆ ಹುಡುಗ ಹೊತ್ತು ಮುಳುಗುವ ಮೊದಲೇ ಹೊಲದಿಂದ ಓಡಿಬರುತ್ತಾನೆ. ಕಂದೀಲು ಹಚ್ಚಿದ ಮೇಲೆ ಕಟ್ಟೆ ಬಿಟ್ಟು ಏಳುವುದೇ ಇಲ್ಲ; ಕರೆದರೆ ಕಾಲು ಉಳುಕಿದೆ ಎನ್ನುತ್ತಾನೆ. ಅವೆಲ್ಲ ತಾನು ಹೂಡುತ್ತ ಬಂದ ಆಟಗಳೇ!

ಅವನದೂ ಫೋಟೋ ತೆಗೆಸಬೇಕೆಂದಾಗ ಮಡಿವಾಳೆಪ್ಪ ಕೆಂಡವಾದ. "ಅಕ್ಕಾ, ಹುಡುಗೀನ್ನ ಕೊಡಾಕ ಮನಸಿಲ್ಲಂದ್ರ ಬಾಯಿಬಿಟ್ಟ ಹೇಳು. ನನ್ನ ಮಗನ ಕಣ್ಣಾಗ ಹುಳುಕ ಹುಡುಕಬ್ಯಾಡ!"

ಶಂಭುಲಿಂಗ ತಲೆ ತಗ್ಗಿಸಿದ. "ಅತ್ತಿ, ನಾ ಬರ್ತೀನಿ. ಎರಡ ವರ್ಷ ಆತು, ಕತ್ತಲಾದ್ರ ಏನೂ ಕಾಣವಲ್ದು."

ಅವನ ಫೋಟೋದಲ್ಲೂ ಚುಕ್ಕೆಗಳಿದ್ದವು. ಸಂಬಂಧ ಮುರಿಯಿತು. ಮಡಿವಾಳೆಪ್ಪ ಅಕ್ಕನ ಮನೆಯ ನೀರೂ ಮುಟ್ಟದಾದ.

ಮರುವರ್ಷ ಯಮನೂರಿನಿಂದ ಹೊರಗಿನ ಸಂಬಂಧವೊಂದು ಬಂತು. ರಕ್ತ ಬೇರೆಯಾದರೂ ಗೌರಕ್ಕನಿಗೆ ನಂಬಿಕೆಯಿಲ್ಲ. ವರನ ಮನೆಗೆ ಹೋದವಳು ಕತ್ತಲಾಗುವವರೆಗೆ ಕದಲಲಿಲ್ಲ. ಆಮೇಲೆ ವರನನ್ನು ಕರೆದು, "ತಮ್ಮಾ, ಹಿತ್ತಲದಾಗಿಂದ ಒಂದ ಕೊಡ ನೀರ ತಾ. ಕಂದೀಲ ಒಯ್ಯಬ್ಯಾಡ" ಎಂದಳು.

ಅವಳಿಗಂತೂ ಏನೂ ಕಾಣುತ್ತಿರಲಿಲ್ಲ. ಕಿವಿಗೊಟ್ಟು ಹುಡುಗನ ಹೆಜ್ಜೆಗಳನ್ನು ಕೇಳಿದಳು. ಎಲ್ಲೂ ತಡವರಿಸದೆ ಹೋಗಿ, ಎಲ್ಲೂ ಎಡವದೆ ಬಂದವು.

"ಹೂಂ, ಮುಹೂರ್ತ ತಗಸ್ರಿ" ಎಂದಳು ಗೌರಕ್ಕ.