ಸರ್ ಅವರ ಆಫೀಸಿನ ಕಟಕಟ ಫ್ಯಾನು

ಕಳೆದ ವಾರ ಸರ್ ಅವರ ಮಗಳು ಹಳೆಯ ಟೇಬಲ್ ಫ್ಯಾನೊಂದನ್ನು ನಮ್ಮ ಮನೆಗೆ ಕಳಿಸಿದಳು. ಸ್ವಿಚ್ ಹಾಕಿದೆ. ಅದೇ ಕಟಕಟ... ಕಾಸರಗೋಡಿನಲ್ಲಿ ವಕೀಲರಾಗಿದ್ದ ಸರ್ ಅವರ ಆ ಸಣ್ಣ ಆಫೀಸು ಕಣ್ಣೆದುರು ಬಂತು.

ನಾನು ಅಲ್ಲಿ ಜೂನಿಯರ್. ಕಕ್ಷಿಗಾರರು ಒಳಗೆ ಬಂದರೆ ಸರ್ ಬಾಗಿಲು ಹಾಕಿ, ಫ್ಯಾನನ್ನು ಬಾಗಿಲ ಬುಡದಲ್ಲಿಟ್ಟು ಜೋರಾಗಿ ತಿರುಗಿಸುತ್ತಿದ್ದರು. ಮಳೆಗಾಲದ ಚಳಿಯಲ್ಲೂ! ಇವರಿಗೆಂತ ಸೆಖೆ ಎಂದು ನನಗೆ ನಗು. ಹೊರಗೆ ಬೆಂಚಿನಲ್ಲಿ ಕಾಯುವವರಿಗೆ ಒಳಗಿನ ಮಾತು ಕೇಳಬಾರದೆಂದೇ ಆ ಸದ್ದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟು ಜಾಣೆ ನಾನು!

ಅದು ತಿಳಿಯುವ ಮೊದಲೇ ಬಾಯಿ ಜಾರಿತ್ತು. ಕೇಸಿಗೆ ಬಂದ ಹೆಂಗಸೊಬ್ಬರ ಬಗ್ಗೆ ಅಮ್ಮನೊಡನೆ, "ಪಾಪ, ಅವರದ್ದು ಎಂತ ತಪ್ಪೂ ಇಲ್ಲ" ಎಂದುಬಿಟ್ಟಿದ್ದೆ. ಒಳ್ಳೆಯ ಮಾತಲ್ಲವೇ, ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಆಮೇಲೆ ನಮ್ಮೂರು ನೆಕ್ರಾಜೆಯಲ್ಲಿ ನೆರೆಮನೆಯ ಆಟೋ ಓಡಿಸುವ ಅಣ್ಣನ ಮೇಲೆ ಹಲ್ಲೆಯ ಕೇಸಾಯಿತು. ಅವನ ಪರ ಸರ್ ಅವರೇ ವಕೀಲರು. ಹೊಡೆದದ್ದು ಅವನೇ ಹೌದಾ ಎಂದು ಅಮ್ಮ ಕೇಳಿದರು. ಈ ಬಾರಿ ನಾನು ತುಟಿ ಬಿಚ್ಚಲಿಲ್ಲ.

"ಓ... ಹಾಗಾದ್ರೆ ಹೊಡೆದದ್ದು ಇವನೇ" ಎಂದರು ಅಮ್ಮ. ವಾರದೊಳಗೆ ಆ ಮನೆಯ ಅಂಗಳಕ್ಕೆ ಯಾರೂ ಕಾಲಿಡದಂತಾಯಿತು.

ಅಳುತ್ತಾ ಸರ್‌ಗೆ ಹೇಳಿದೆ. ಬಯ್ಯಲಿಲ್ಲ.

"ಮೊದಲು ಒಬ್ಬರದ್ದು ತಪ್ಪಿಲ್ಲ ಅಂತ ಹೇಳಿದೆಯಲ್ಲ ಮಾರಾಯ್ತಿ, ಇನ್ನು ನೀನು ಸುಮ್ಮನಿದ್ರೂ ಜನಕ್ಕೆ ಅದು ಉತ್ತರವೇ. ಕೋರ್ಟಿನಲ್ಲಿ ಅವನಿಗೆ ಮಾತಾಡದೆ ಇರುವ ಹಕ್ಕುಂಟು. ಊರಿನಲ್ಲಿ ಅದನ್ನು ನಾವೇ ಕಿತ್ತುಕೊಂಡೆವು."

ನಾವೇ ಎಂದರು, ನೀನು ಎನ್ನಲಿಲ್ಲ. ಆ ಒಂದು ಮಾತಿಗೆ ನಾನು ಅವರನ್ನು ಇಂದಿಗೂ ಮರೆತಿಲ್ಲ.

"ಅಣ್ಣ ನಮಗೆ ಹೇಳಿದ್ದನ್ನೆಲ್ಲ ಅಮ್ಮನಿಗೆ ಹೇಳಿಬಿಡಲಾ ಸರ್?"

"ಬೇಡ, ಹೇಳ್ಲಿಕ್ಕಿಲ್ಲ."

ಆ ಭಾನುವಾರ ಸರ್ ನೆಕ್ರಾಜೆಗೆ ಬಂದರು. ಅಣ್ಣನ ಜಗಲಿಯಲ್ಲಿ ದಾರಿಗೆಲ್ಲ ಕಾಣುವಂತೆ ಕೂತು, ಮಗುವನ್ನು ತೊಡೆಯಲ್ಲಿಟ್ಟುಕೊಂಡು, ಎರಡು ಲೋಟ ಚಾ ಕುಡಿದರು. ಕೇಸಿನ ಬಗ್ಗೆ ಒಂದಕ್ಷರವಿಲ್ಲ. ಮರುದಿನ ಅಮ್ಮನೂ ಬಾಳೆಹಣ್ಣು ಹಿಡಿದು ಅಲ್ಲಿಗೆ ಹೋದರು. ಅಂದಿನಿಂದ ಸರ್ ತಮ್ಮ ಎಲ್ಲ ಕಕ್ಷಿಗಾರರ ಮನೆಗೂ ಹಾಗೆ ಹೋಗತೊಡಗಿದರು, ತಪ್ಪು ಮಾಡಿದವರು, ಮಾಡದವರು ಎಂದು ನೋಡದೆ. ಅವರು ಕುಡಿದ ಚಾದಿಂದಲೂ ಯಾರೂ ಏನೂ ಊಹಿಸಬಾರದಲ್ಲ!

ವಿಚಾರಣೆಯಲ್ಲಿ ಅಣ್ಣ ಬಾಯಿ ಬಿಡದೆ ನಿಂತ. ಕೇಸು ಬಿದ್ದುಹೋಯಿತು. ಮೊದಲು ಆಫೀಸಿಗೆ ಬಂದ ದಿನ ಮುಚ್ಚಿದ ಬಾಗಿಲೊಳಗೆ ಅವನು ಹೇಳಿದ್ದನ್ನು ಕೇಳಿದವರು ಸರ್ ಮತ್ತು ನಾನು. ಸರ್ ತೀರಿಕೊಂಡು ಮೂರು ತಿಂಗಳಾಯಿತು. ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ...

ಫ್ಯಾನು ಬಂದ ಆ ದಿನ ಅಡುಗೆಮನೆಯಲ್ಲಿ ಅಮ್ಮ ಇದ್ದರು. ನಾನು ಕೋಣೆಯ ಬಾಗಿಲು ಹಾಕಿ, ಫ್ಯಾನನ್ನು ಬಾಗಿಲ ಬುಡಕ್ಕೆ ಸರಿಸಿ ಜೋರಾಗಿ ತಿರುಗಿಸಿ, ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಏನೂ ಕೇಳಿಸಲಿಲ್ಲ.